ದೊಡ್ಡ ಶುಕ್ರವಾರದ ಜಮಖಾನ

ಕಾಫಿ ಕುಡಿದು, ಬಟ್ಟಲು ಮಗುಚಿಟ್ಟು, ತಳದಲ್ಲಿ ಉಳಿದ ಗಸಿಯಲ್ಲಿ ಭವಿಷ್ಯ ನೋಡುವುದು ಗಲಾತ್ಸ್ ಊರಿನ ಹೆಂಗಸರಿಗೆ ಹಲ್ಲುಜ್ಜಿದಷ್ಟೇ ಸಹಜ. ಆದರೆ ಅದಕ್ಕೊಂದು ಕಟ್ಟಳೆ ಇದೆ. ತನ್ನ ಬಟ್ಟಲನ್ನು ತಾನೇ ನೋಡಿಕೊಳ್ಳುವಂತಿಲ್ಲ. ನೋಡಿಕೊಂಡರೆ ಕಂಡದ್ದೆಲ್ಲ ಸುಳ್ಳಾಗುತ್ತದೆ. ಇನ್ನೊಬ್ಬರು ನೋಡಿ ಹೇಳಬೇಕು. ಆ ಇನ್ನೊಬ್ಬರಿಗೆ ನಿಮ್ಮ ಹುಳುಕೆಲ್ಲ ಮೊದಲೇ ಗೊತ್ತಿದ್ದರೆ ಭವಿಷ್ಯ ಇನ್ನೂ ಚೆನ್ನಾಗಿ ಕಾಣುತ್ತದೆ. ಜೆನೋವಿಯಳ ಬಟ್ಟಲು ನೋಡುವವಳು ಅವಳ ತಂಗಿ ಫ್ರೋಸಾ. ತೊಡಕು ಏನೆಂದರೆ, ಫ್ರೋಸಾ ಇರುವುದು ನದಿಯ ಆಚೆ, ಬೇರೆ ದೇಶದಲ್ಲಿ.

ಬೇರೆ ದೇಶ ಎಂದರೆ ಸಮುದ್ರ ದಾಟಿ ಹೋಗುವಂಥದ್ದೇನಲ್ಲ. ಪ್ರೂತ್ ನದಿ ದಾಟಿದರೆ ಮೊಲ್ದೋವಾ, ದಾಟಿದ ಕೂಡಲೇ ಕಾಹುಲ್ ಪಟ್ಟಣ. ಅದೇ ಮಾತು, ಅದೇ ಎಲೆಕೋಸಿನ ಕಡುಬು, ಅದೇ ಜಗಳ. ತೊಂಬತ್ತರಲ್ಲಿ ಒಂದು ದಿನದ ಮಟ್ಟಿಗೆ ಗಡಿ ತೆರೆದು, ಎರಡೂ ದಡದ ಜನ ಕೈಯಲ್ಲಿ ಹೂ ಹಿಡಿದು ಸೇತುವೆಗಳ ಮೇಲೆ ಓಡಿದರಲ್ಲ, ಆವತ್ತು ಫ್ರೋಸಾಳೂ ಒಂದು ಹಿಡಿ ಲೈಲಾಕ್ ಹೂ ಹಿಡಿದು ಓಡಿದ್ದಳು. ಹೂ ತಂದ ಮೇಲೆ ಯಾರಿಗಾದರೂ ಕೊಡಬೇಕಲ್ಲ, ಎದುರಿಗೆ ಸಿಕ್ಕವನೊಬ್ಬ ವಿಧುರ, ಅವನಿಗೆ ಕೊಟ್ಟಳು. ಆಮೇಲೆ ಐವತ್ತು ಹತ್ತಿರ ಬಂದ ವಯಸ್ಸಿನಲ್ಲಿ ಅವನನ್ನೇ ಮದುವೆಯಾಗಿ ಆಚೆ ದಡಕ್ಕೆ ಹೋಗಿಬಿಟ್ಟಳು. ಊರು ಆರು ತಿಂಗಳು ಅದನ್ನೇ ಅಗಿಯಿತು.

ಜೆನೋವಿಯ ಮಾತ್ರ ಒಂಟಿಯಾದಳು. ಗಂಡ ಇರಲಿಲ್ಲ, ಮಕ್ಕಳು ಆಗಿರಲಿಲ್ಲ, ಇದ್ದದ್ದು ಈ ಬಾಯಿಬಡುಕಿ ತಂಗಿಯೊಬ್ಬಳೇ. ಫೋನ್ ಮಾಡೋಣವೆಂದರೆ ದೇಶಕ್ಕೆಲ್ಲ ಒಂದೇ ಕಂಪನಿ, ಅದು ಕೇಳಿದ್ದೇ ರೇಟು. ಇಲ್ಲಿಂದ ಮಾಡಿದ ಕರೆ ಮೊದಲು ಈಚೆಯ ರಾಜಧಾನಿ ಬುಕಾರೆಸ್ಟಿಗೆ ಹೋಗಿ, ಅಲ್ಲಿಂದ ಆಚೆಯ ರಾಜಧಾನಿಗೆ ಹಾರಿ, ಅಲ್ಲಿಂದ ಕಾಹುಲಿಗೆ ಇಳಿಯಬೇಕು. ಕೂಗಿದರೆ ಕೇಳಿಸೀತು ಎನ್ನುವಷ್ಟು ಹತ್ತಿರದ ದಡಕ್ಕೆ ಅಮೆರಿಕದ ದರ. ಅಕ್ಕತಂಗಿಯರು ಒಂದು ಉಪಾಯ ಹೂಡಿದ್ದರು. ಒಂದು ಸಲ ರಿಂಗ್ ಆಗಿ ನಿಂತರೆ ಚೆನ್ನಾಗಿದ್ದೇನೆ ಎಂದರ್ಥ, ಎರಡು ಸಲ ಆಗಿ ನಿಂತರೆ ಮೈ ಸರಿಯಿಲ್ಲ ಎಂದರ್ಥ. ಹತ್ತು ವರ್ಷ ಇಬ್ಬರೂ ಹೀಗೆ ಗಂಟೆ ಬಾರಿಸಿಕೊಂಡೇ ಬದುಕಿದರು. ಮಾತಿಲ್ಲ, ಕತೆಯಿಲ್ಲ, ಬರೀ ಟ್ರಿಣ್.

ಆಮೇಲೆ ಸೆವೆರ್ ವೈರು ಎಳೆದ.

ಸೆವೆರ್ ಜೆನೋವಿಯಳ ನೆರೆಯವನು, ಉಕ್ಕಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಕಾರ್ಖಾನೆ ಖಾಸಗಿಯವರ ಪಾಲಾದಾಗ ಸಾವಿರಾರು ಜನರ ಜೊತೆ ಅವನೂ ಮನೆಗೆ ಬಂದ. ಕೈ ಸುಮ್ಮನಿರದ ಮನುಷ್ಯ. ಪಕ್ಕದ ಅಪಾರ್ಟ್‌ಮೆಂಟ್ ಬ್ಲಾಕಿನಲ್ಲಿದ್ದ ಭಾವಮೈದುನನ ಜೊತೆ ಕಂಪ್ಯೂಟರಿನಲ್ಲಿ ಪಗಡೆ ಆಡಲೆಂದು ಬಾಲ್ಕನಿಯಿಂದ ಬಾಲ್ಕನಿಗೆ ಒಂದು ಕೇಬಲ್ ಎಸೆದ. ಅದನ್ನು ನೋಡಿ ಮೂರನೆಯ ಮನೆಯವರು ನಮಗೂ ಎಂದರು. ಆಮೇಲೆ ನಾಲ್ಕನೆಯವರು. ಊರಿನ ಒಂದು ಕಂಪನಿಯಿಂದ ದಪ್ಪನೆಯ ಇಂಟರ್ನೆಟ್ ಸಂಪರ್ಕವೊಂದನ್ನು ಕೊಂಡು ಐದು ಬ್ಲಾಕಿಗೆ ಹಂಚಿಬಿಟ್ಟ. ಎರಡು ವರ್ಷ ಕಳೆಯುವಷ್ಟರಲ್ಲಿ ಅಂಗಳದ ಪಾಪ್ಲಾರ್ ಮರಗಳ ಮೇಲೆ ಜೇಡ ಬಲೆ ಕಟ್ಟಿದ ಹಾಗೆ ಕೇಬಲ್ಲು. ಯಂತ್ರದ ಪೆಟ್ಟಿಗೆ ಕೂತಿದ್ದು ಜೆನೋವಿಯ ಇದ್ದ ಬ್ಲಾಕಿನ ತುದಿಯಲ್ಲಿ, ಎಲ್ಲರೂ ಬಟ್ಟೆ ಒಣಗಿಸುವ ಕೋಣೆಯಲ್ಲಿ.

ಆ ಕೋಣೆಗೆ ಜಾಗ ಕೊಟ್ಟವಳು ಜೆನೋವಿಯಳೇ. ಅವಳು ಮನೆ ಮಾಲೀಕರ ಸಂಘದ ಅಧ್ಯಕ್ಷೆ. ಹಡಗುಕಟ್ಟೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತಿಯಾದವಳು. ಬ್ಲಾಕಿನ ಚಿಕ್ಕವರೆಲ್ಲ ಅವಳನ್ನು ತಾಂತಿ ಎಂದು ಕರೆಯುತ್ತಿದ್ದರು, ಅತ್ತೆ ಅಂದ ಹಾಗೆ. ಜಾಗವೇನೋ ಕೊಟ್ಟಳು, ಆದರೆ ಬಾಯಿಮಾತಿನಲ್ಲಿ. ಬರೆದು ಕೊಡು ಎಂದರೆ ಮುಖ ತಿರುಗಿಸಿದಳು. ಜಾಗಕ್ಕೆ ಪ್ರತಿಯಾಗಿ ಸೆವೆರ್ ಅವಳ ಅಡುಗೆಮನೆಗೂ ಒಂದು ಕೇಬಲ್ ತಂದು, ಹಳೆಯ ಕಂಪ್ಯೂಟರೊಂದನ್ನು ಜೋಡಿಸಿಕೊಟ್ಟು, ಬೆರಳಿನಷ್ಟು ದೊಡ್ಡದೊಂದು ಕ್ಯಾಮೆರಾವನ್ನು ಅದರ ನೆತ್ತಿಗೆ ಸಿಕ್ಕಿಸಿದ. ಆಚೆ ದಡದಲ್ಲಿ ಫ್ರೋಸಾಳ ಮಲಮಗಳು ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಫ್ರೋಸಾ ಅಲ್ಲಿ ಹೋಗಿ ಕೂರುತ್ತಿದ್ದಳು. ಇಬ್ಬರೂ ಕಾಫಿ ಕುಡಿಯುತ್ತಿದ್ದರು, ಬಟ್ಟಲು ಮಗುಚುತ್ತಿದ್ದರು, ಒಬ್ಬರ ಬಟ್ಟಲನ್ನು ಇನ್ನೊಬ್ಬರ ಕಣ್ಣಿಗೆ ಹಿಡಿಯುತ್ತಿದ್ದರು. ಚಿತ್ರ ಮಸುಕು ಮಸುಕಾಗಿ ಬರುತ್ತಿತ್ತು. ಗಸಿಯಲ್ಲಿ ಕಂಡದ್ದು ಹಂಸವೋ ಬಾತುಕೋಳಿಯೋ ಎಂದು ಅರ್ಧ ಗಂಟೆ ಕಾದಾಡುತ್ತಿದ್ದರು. ಹತ್ತು ವರ್ಷದ ಮಾತು ಬಾಕಿಯಿತ್ತು, ಜಗಳವೂ ಬಾಕಿಯಿತ್ತು. ಆ ಅರ್ಧ ಗಂಟೆ ಜೆನೋವಿಯಳ ದಿನಕ್ಕೆ ಬೆನ್ನೆಲುಬು. ಉಳಿದ ಹೊತ್ತೆಲ್ಲ ಅದಕ್ಕೆ ಅಂಟಿಕೊಂಡ ಮಾಂಸ, ಅಷ್ಟೆ.

ಎರಡು ಸಾವಿರದ ನಾಲ್ಕರ ಈಸ್ಟರ್‌ಗೆ ಮುಂಚಿನ ವಾರ ಮೆಟ್ಟಿಲ ಬಾಗಿಲಿಗೆ ನಗರಸಭೆಯ ನೋಟೀಸು ಬಿತ್ತು. ಟೆಲಿಫೋನ್ ಕಂಪನಿಯ ಏಕಾಧಿಕಾರ ಮುಗಿದು ಒಂದು ವರ್ಷ ದಾಟಿತ್ತು. ಈಗ ಯಾರು ಬೇಕಾದರೂ ಜಾಲ ಕಟ್ಟಬಹುದು, ಆದರೆ ಕಟ್ಟಿದವರು ಇಂಥವರು, ಇಂಥಲ್ಲಿ ಕಟ್ಟಿದ್ದೇವೆ ಎಂದು ಹೊಸ ದೂರಸಂಪರ್ಕ ಪ್ರಾಧಿಕಾರಕ್ಕೆ ಘೋಷಿಸಬೇಕು. ಘೋಷಿಸದ ಕೇಬಲ್ಲುಗಳನ್ನು ಹಬ್ಬ ಕಳೆದ ಮೇಲೆ ನಗರಸಭೆ ಕತ್ತರಿಸುತ್ತದೆ. ಶುಕ್ರವಾರ ಪ್ರಾಧಿಕಾರದವರು ಬಂದು ನೋಡುತ್ತಾರೆ. ಇಷ್ಟೇ ಇದ್ದದ್ದು.

ಸೆವೆರ್ ಆವತ್ತೇ ಜೆನೋವಿಯಳ ಬಾಗಿಲು ತಟ್ಟಿದ. ಘೋಷಣೆಯನ್ನು ಒಬ್ಬ ಆಸಾಮಿ ಸುಮ್ಮನೆ ಮಾಡುವಂತಿಲ್ಲ, ಕಂಪನಿಯೋ ಸಂಘವೋ ಬೇಕು. ಕಂಪನಿ ಅವನಿಗಿಲ್ಲ. ಐದು ಬ್ಲಾಕಿಗೂ ಸೇರಿ ನೋಂದಾಯಿಸಿದ್ದು ಮಾಲೀಕರ ಸಂಘ ಒಂದೇ. ಅಧ್ಯಕ್ಷೆ ರುಜು ಹಾಕಿದರೆ ಆಯಿತು ಎಂದು ಕೈ ಹೊಸಕಿಕೊಂಡು ಕೇಳಿದ. ಅವಳು ಕಾಫಿ ಕೊಟ್ಟಳು, ರುಜು ಕೊಡಲಿಲ್ಲ.

"ನಾನು ಒಂದ್ಸಲ ಬರ್ಕೊಟ್ಟಿದ್ದೀನಿ ಕಣೋ," ಅಂದಳು. "ಸಾಕು."

ಬರೆದುಕೊಟ್ಟದ್ದು ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ. ಆಗ ಮನೆಯಲ್ಲಿ ಟೈಪ್‌ರೈಟರ್ ಇದ್ದವರು ವರ್ಷಕ್ಕೊಮ್ಮೆ ಅದನ್ನು ಮಿಲಿಷಿಯಾ ಎಂಬ ಪೊಲೀಸರ ಠಾಣೆಗೆ ಹೊತ್ತುಕೊಂಡು ಹೋಗಿ, ಅದರ ಅಕ್ಷರಗಳ ಮಾದರಿ ಬಡಿದುಕೊಟ್ಟು ಬರಬೇಕಿತ್ತು. ಎಲ್ಲಾದರೂ ಸರ್ಕಾರವನ್ನು ಬೈದ ಚೀಟಿ ಸಿಕ್ಕಿದರೆ ಯಾವ ಯಂತ್ರದ್ದೆಂದು ಹಿಡಿಯುವುದಕ್ಕೆ. ಜೆನೋವಿಯ ನಿಯತ್ತಿನವಳು, ಪ್ರತಿ ವರ್ಷ ತಪ್ಪದೆ ಹೊತ್ತಳು. ಒಂದು ಚಳಿಗಾಲ ಹಡಗುಕಟ್ಟೆಯ ಗೋಡೆಯಲ್ಲಿ ಬ್ರೆಡ್ಡಿಗೆ ಜನ ನಿಲ್ಲುವ ಸಾಲಿನ ಬಗ್ಗೆ ಟೈಪ್ ಮಾಡಿದ ಒಂದು ಚೀಟಿ ಕಂಡಿತು. ಅವಳದಲ್ಲ. ಆದರೆ ಯಾರ ಹೆಸರು ಕಾಗದದಲ್ಲಿತ್ತೋ ಅವರನ್ನು ತಾನೇ ಕರೆಸುವುದು. ಇಡೀ ಮಧ್ಯಾಹ್ನ ಕುರ್ಚಿಯಲ್ಲಿ ಕೂರಿಸಿ, ಕೇಳಿದ್ದನ್ನೇ ಕೇಳಿ, ಯಂತ್ರ ಇಟ್ಟುಕೊಂಡು ಕಳಿಸಿದರು. ವರ್ಷದ ಮೇಲೆ ಯಂತ್ರ ವಾಪಸು ಬಂದಾಗ 'ಆರ್' ಅಕ್ಷರದ ಕಡ್ಡಿ ಬಾಗಿತ್ತು. ಬ್ಲಾಕಿನಲ್ಲಿ ಯಂತ್ರವನ್ನು ಬಚ್ಚಿಟ್ಟುಕೊಂಡವರು ಇಬ್ಬರು ಮೂವರಿದ್ದರು, ಅವರಿಗೆ ಏನೂ ಆಗಲಿಲ್ಲ. ಆವತ್ತೇ ಅವಳು ಶಪಥ ಮಾಡಿದ್ದಳು, ಮಾತು ಹೊರುವ ಯಾವ ಯಂತ್ರದ ಮೇಲೂ ಇನ್ನು ನನ್ನ ಹೆಸರು ಬೀಳಕೂಡದು ಎಂದು.

ಹಾಗಂತ ಕೇಬಲ್ ಹೋಗಲಿ ಅನ್ನುವಂತೆಯೂ ಇರಲಿಲ್ಲ. ಆ ದಿನಗಳಲ್ಲೇ ದೊಡ್ಡ ಫೋನ್ ಕಂಪನಿಯೊಂದರ ಏಜೆಂಟು ಬ್ಲಾಕಿಗೆ ಬಂದಿದ್ದ, ಕೈಯಲ್ಲಿ ಕ್ಯಾಲೆಂಡರ್ ಕಟ್ಟು, ಕಾಲಿಗೆ ಕನ್ನಡಿಯಂಥ ಬೂಟು. ಈ ಜೇಡರಬಲೆ ಹೋಗಲಿ ಬಿಡಿ, ಶರತ್ಕಾಲದ ಹೊತ್ತಿಗೆ ನಮ್ಮದೇ ಲೈನು ಬರಬಹುದು ಅಂದ. ಕಾಹುಲಿಗೆ ಮಾತಾಡುವುದು ಹೇಗೆ ಎಂದು ಜೆನೋವಿಯ ಕೇಳಿದಳು. ಅವನು ದರಪಟ್ಟಿ ತೆಗೆದು ಹುಡುಕಿ, ಅದು ವಿದೇಶ ಅಲ್ಲವಾ ಮೇಡಂ ಅಂದ. ಅವಳು ಕ್ಯಾಲೆಂಡರನ್ನು ಅವನಿಗೇ ಹಿಂದಕ್ಕೆ ಕೊಟ್ಟಳು.

ಗುರುವಾರ ಸಂಜೆ ಮೆಟ್ಟಿಲ ಬುಡದಲ್ಲಿ ಸಭೆ. ಅಧ್ಯಕ್ಷೆ ರುಜು ಹಾಕಲ್ಲ ಎಂದ ಮೇಲೆ ಇನ್ನೇನು ಮಾಡುವುದು ಎನ್ನುವುದೊಂದೇ ವಿಷಯ. ಆಶ್ಚರ್ಯ ಏನೆಂದರೆ, ಹಾಕು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅಲ್ಲಿ ನಿಂತಿದ್ದ ಅರ್ಧ ಜನಕ್ಕೆ ಅವರವರದೇ ಒಂದು ಠಾಣೆಯ ಕತೆ ಇತ್ತು. ನಾವಿದ್ದೇವೆ ಎಂದು ಸರ್ಕಾರಕ್ಕೆ ನಾವೇ ಹೋಗಿ ಹೇಳುವುದು, ಬೇಟೆಗಾರನ ಮುಂದೆ ಮೊಲ ಕೈ ಎತ್ತಿದ ಹಾಗೆ ಎಂದು ಒಬ್ಬಳು ಅಂದಳು. ಎಲ್ಲರೂ ತಲೆಯಾಡಿಸಿದರು. ಆಗ ಬಾಯಿ ಹಾಕಿದವನು ತುದೋಸೆ. ಇವನು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವನು, ಎರಡನೆಯ ಮಹಡಿಯ ವಾಸಿ, ಕ್ರೇನಿಗಿಂತ ಬಾಯಿ ದೊಡ್ಡದು. ಎಪ್ಪತ್ತು ದಾಟಿದ್ದರೂ ಎಲ್ಲರಿಗೂ ತುದೋಸಣ್ಣನೇ.

"ವೈರು ಅಂದ್ರೇನು? ಹಗ್ಗ," ಅಂದ ತುದೋಸೆ. "ಹಗ್ಗ ಅಂದ್ರೇನು? ಬಟ್ಟೆ ಒಣಗ್ಹಾಕೋದು. ಇವನ ಪೆಟ್ಟಿಗೆ ಬಂದು ನಮ್ಮ ಬಟ್ಟೆ ಕೋಣೆ ತಿಂದ್ಹಾಕ್ತು, ನಾವು ಬಟ್ಟೆ ಎಲ್ಲಿ ಹಾಕ್ಬೇಕು? ವೈರ್ ಮೇಲೇ ಹಾಕ್ರಿ. ಬಂದೋರು ನೋಡ್ತಾರೆ, ನನ್ನ ಚಡ್ಡಿ ನೋಡ್ತಾರೆ, ನಾಚ್ಕೊಂಡು ಹೋಗ್ತಾರೆ."

ಜನ ನಕ್ಕರು. ನಕ್ಕವರೇ ಆಮೇಲೆ ಯೋಚನೆ ಮಾಡತೊಡಗಿದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಇದಕ್ಕಿಂತ ಒಳ್ಳೆಯ ದಾರಿ ಯಾವುದು? ಸೆವೆರ್ ಒಬ್ಬನೇ ಕೇಬಲ್ ಭಾರ ತಡೆಯಲ್ಲ ಎಂದು ಗೊಣಗಿದ, ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಒಂದೇ ಒಂದು ತೊಡಕನ್ನು ಜೆನೋವಿಯ ಎತ್ತಿದಳು. ನಾಳೆ ದೊಡ್ಡ ಶುಕ್ರವಾರ. ಯೇಸುವನ್ನು ಶಿಲುಬೆಗೆ ಏರಿಸಿದ ದಿನ. ಆವತ್ತು ಬಟ್ಟೆ ಒಗೆಯುವ ಹೆಂಗಸು ಗಲಾತ್ಸಿನಲ್ಲಿ ಇನ್ನೂ ಹುಟ್ಟಿಲ್ಲ. ಒಗೆದರೆ ಬೆಳೆಗೆ ಆಲಿಕಲ್ಲು, ಮನೆಗೆ ಸಾವು.

ತುದೋಸೆಯ ಬಳಿ ಅದಕ್ಕೂ ಉತ್ತರವಿತ್ತು. ಪಾಪ ಇರುವುದು ಸೋಪಿನಲ್ಲಿ, ನೀರಿನಲ್ಲಲ್ಲ. ಒಗೆಯುವುದು ಬೇಡ, ಬೀರುವಿನಲ್ಲಿದ್ದ ಶುಭ್ರ ಬಟ್ಟೆಯನ್ನೇ ತೆಗೆದು, ಬರೀ ನೀರಲ್ಲಿ ಅದ್ದಿ ಹಾಕಿ. ಅದ್ದುವುದು ಒಗೆಯುವುದಲ್ಲ. ಪಾದ್ರಿಗಳನ್ನು ಕೇಳೋಣವೇ ಎಂದು ಯಾರೋ ಅಂದರು. ಕೇಳಿದರೆ ಬೇಡ ಅನ್ನುತ್ತಾರೆ, ಅದಕ್ಕೇ ಕೇಳುವುದು ಬೇಡ ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಆ ಅಂಗಳ ನೋಡಬೇಕಿತ್ತು. ಐದು ಬ್ಲಾಕಿನ ನಡುವೆ ಹಾಸಿಗೆ ಹೊದಿಕೆ, ಮೇಜಿನ ಬಟ್ಟೆ, ಮದುವೆಯಲ್ಲಿ ಬಂದು ಒಮ್ಮೆಯೂ ಬಳಸದ ಟವೆಲ್ಲು, ತುದೋಸೆ ಮಾತು ಕೊಟ್ಟಿದ್ದ ಚಡ್ಡಿ. ಹಡಗು ಹಾಯಿ ಬಿಚ್ಚಿ ಹೊರಟ ಹಾಗೆ ಇತ್ತು. ಎಲ್ಲದರಿಂದಲೂ ಸೋಪಿಲ್ಲದ ನೀರು ತೊಟ್ಟಿಕ್ಕುತ್ತಿತ್ತು.

ಜೆನೋವಿಯ ಕೆಳಗೆ ಇಳಿಯಲಿಲ್ಲ. ಅಡುಗೆಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಉಪವಾಸದ ದಿನ, ಆದರೆ ಹಾಲಿಲ್ಲದ ಕಾಫಿಗೆ ದೇವರ ತಕರಾರಿಲ್ಲ ಎನ್ನುವುದು ಅಕ್ಕತಂಗಿಯರ ಹಳೆಯ ಒಪ್ಪಂದ. ಫ್ರೋಸಾಳ ಕಣ್ಣು ಅಕ್ಕನ ಹಿಂದಿದ್ದ ಕಿಟಕಿಯ ಮೇಲೇ ಇತ್ತು.

"ಹಿಂದೆ ಏನೇ ಅದು ಹಾರಾಡ್ತಿರೋದು?"

"ತುದೋಸೆ ಚಡ್ಡಿ."

"ಇವತ್ತಾ?" ಫ್ರೋಸಾ ಶಿಲುಬೆ ಗುರುತು ಹಾಕಿಕೊಂಡಳು.

ಜೆನೋವಿಯ ಎಲ್ಲ ಹೇಳಿದಳು. ನೋಟೀಸು, ರುಜು, ಸಭೆ, ಸೋಪಿನ ಶಾಸ್ತ್ರ. ನಡುನಡುವೆ ಬೈಯುವುದು ಫ್ರೋಸಾಳ ಪದ್ಧತಿ, ಆವತ್ತು ಬೈಯದೆ ಕೇಳಿದಳು. ಅದೇ ಜೆನೋವಿಯಳಿಗೆ ಹೆಚ್ಚು ಚುಚ್ಚಿತು.

"ಅಕ್ಕಾ," ಅಂದಳು ಕೊನೆಗೆ. "ಹೂವು ಹಿಡ್ಕೊಂಡು ಓಡಿದ ದಿನ ನೀನೂ ಬಂದಿದ್ದೆ. ನಿನ್ನ ಕೈಲೂ ಲೈಲಾಕ್ ಇತ್ತು. ಸೇತುವೆ ತುದೀಲಿ ನಿಂತ್ಬಿಟ್ಟೆ. ದಾಟಿದೋರ ಹೆಸರು ಬರ್ಕೋತಾರೆ ಅಂದೆ."

"ಗೊತ್ತು."

"ಯಾರೂ ಬರ್ಕೊಳ್ಳಲಿಲ್ಲ ಕಣೇ. ನಾನು ಆಚೆ ಹೋಗಿ ತಿರುಗಿ ನೋಡ್ದೆ. ನೀನು ಅಲ್ಲೇ ಹೂವು ಹಿಡ್ಕೊಂಡು ನಿಂತಿದ್ದೆ."

ಇದನ್ನು ಹದಿನಾಲ್ಕು ವರ್ಷದಲ್ಲಿ ಫ್ರೋಸಾ ಒಮ್ಮೆಯೂ ಆಡಿರಲಿಲ್ಲ. ಈಗ ಆಡಿದವಳೇ, ಹೋಗಲಿ, ಬಟ್ಟಲು ತೋರಿಸು ಅಂದಳು. ಜೆನೋವಿಯ ಬಟ್ಟಲೆತ್ತಿ ಕ್ಯಾಮೆರಾಕ್ಕೆ ಹಿಡಿದಳು. ಫ್ರೋಸಾ ಮೂಗು ಪರದೆಗೆ ತಾಗುವ ಹಾಗೆ ಬಾಗಿ, "ತಡಿ, ಇಲ್ಲೊಂದು..." ಎಂದವಳು ಬಾಯಿ ತೆರೆದಂತೆಯೇ ನಿಂತಳು. ಕಣ್ಣು ಮಿಟುಕಲಿಲ್ಲ. ಕೈ ಆಡಲಿಲ್ಲ. ಅಂಗಳದಿಂದ ದೊಪ್ಪೆಂಬ ಸದ್ದು ಬಂತು.

ತುದೋಸೆಯ ಜಮಖಾನ. ಅವನ ತಾಯಿ ಕೈಯಾರೆ ನೇಯ್ದದ್ದು, ಕುರಿಯ ಉಣ್ಣೆಯದ್ದು, ಒಣಗಿದ್ದಾಗಲೇ ಇಬ್ಬರು ಹೊರಬೇಕು. ಹಬ್ಬದ ಮುಂಚೆ ಜಮಖಾನ ತೊಳೆಯದ ಮನೆಯೇ ಇಲ್ಲ, ನಮ್ಮದು ಕಾಣದಿದ್ದರೆ ಅನುಮಾನ ಬರುತ್ತದೆ ಎಂದು ಅವನು ಅದನ್ನು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ, ತನ್ನ ಬಾಲ್ಕನಿಯ ಪಕ್ಕದಲ್ಲೇ ಹಾದುಹೋಗುತ್ತಿದ್ದ ಕೇಬಲಿನ ಮೇಲೆ ಎಳೆದಿದ್ದ. ಅದು ಮುಖ್ಯ ಕೇಬಲ್. ಐದು ಬ್ಲಾಕಿಗೂ ಪ್ರಾಣ ಬರುತ್ತಿದ್ದದ್ದು ಅದರಿಂದಲೇ.

ಜೆನೋವಿಯ ಬಾಲ್ಕನಿಗೆ ಬಂದು ನೋಡಿದಾಗ ಜಮಖಾನ ನೆಲದ ಮೇಲೆ ಸತ್ತ ಎಮ್ಮೆಯ ಹಾಗೆ ಬಿದ್ದಿತ್ತು. ಅದರ ಪಕ್ಕದಲ್ಲಿ, ಒಂದು ಹೆಜ್ಜೆ ಅಂತರದಲ್ಲಿ, ಕಂಕುಳಲ್ಲಿ ಫೈಲು ಹಿಡಿದ ಹೆಂಗಸೊಬ್ಬಳು ನಿಂತಿದ್ದಳು. ಅವಳ ಬೂಟಿನ ಮೇಲೆಲ್ಲ ನೀರು. ಸುತ್ತ ಜನ ಸೇರುತ್ತಿದ್ದರು, ಆದರೆ ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಕತ್ತರಿಸುವವರು ಬರುವ ಮೊದಲೇ ತಮ್ಮ ಕೊರಳನ್ನು ತಾವೇ ಕೊಯ್ದುಕೊಂಡಿದ್ದರು. ಜೆನೋವಿಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದಳು.

ಆ ಹೆಂಗಸೇ ಪ್ರಾಧಿಕಾರದ ಅಧಿಕಾರಿ, ಹೆಸರು ಮಿನೊದೋರಾ. ನಲವತ್ತರ ಹತ್ತಿರದ ವಯಸ್ಸು. ಉಪವಾಸವಿದ್ದು ಟ್ರಾಮಿನಲ್ಲಿ ನಿಂತುಕೊಂಡು ಬಂದಿದ್ದಳು, ಮುಖದಲ್ಲಿ ಅದು ಕಾಣುತ್ತಿತ್ತು. ಅವಳು ತಲೆಯೆತ್ತಿ ಒಂದು ಬ್ಲಾಕಿನಿಂದ ಇನ್ನೊಂದು ಬ್ಲಾಕಿನವರೆಗೆ ತೂಗಾಡುತ್ತಿದ್ದ ಬಟ್ಟೆಯನ್ನೆಲ್ಲ ನಿಧಾನವಾಗಿ ನೋಡಿದಳು.

"ನಮ್ಮಜ್ಜಿ ಈ ದಿನ ಕರ್ಚೀಫು ಕೂಡ ಒದ್ದೆ ಮಾಡ್ತಿರ್ಲಿಲ್ಲ," ಅಂದಳು. "ಇಲ್ಲಿ ಐದು ಬ್ಲಾಕು ಬಟ್ಟೆ ಒಗ್ದಿದೆ. ಎಲ್ಲರೂ ಒಂದೇ ದಿನ ಧರ್ಮ ಬಿಟ್ರಾ, ಇಲ್ಲ ಇದೆಲ್ಲ ನನಗೋಸ್ಕರನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಎಲ್ಲ ಊರಲ್ಲೂ ಒಬ್ಬ ಇರುತ್ತಾನೆ.

"ಸೋಪು ಹಾಕಿಲ್ಲ ಮೇಡಂ," ಅಂದ ತುದೋಸೆ.

ಮಿನೊದೋರಾ ಬಾಗಿ, ಜಮಖಾನದಡಿಯಿಂದ ಹರಿದ ಕೇಬಲಿನ ತುದಿಯನ್ನು ಎಳೆದಳು. ಬೂದು ಸಿಪ್ಪೆ ಕಿತ್ತು, ಒಳಗಿನ ಕಿತ್ತಳೆ, ಹಸಿರು, ನೀಲಿ ಎಳೆಗಳು ಹೊರಗೆ ಬಂದಿದ್ದವು. ಹಗ್ಗ ಚೆನ್ನಾಗಿದೆ, ಯಾರದು ಎಂದು ಕೇಳಿದಳು.

ಜೆನೋವಿಯ ಸೆವೆರನ ಕಡೆ ನೋಡಿದಳು. ಅವನು ಕೈಯಲ್ಲಿ ಏಣಿ ಹಿಡಿದು ಗೋಡೆಗೆ ಆತು ನಿಂತಿದ್ದ. ತನ್ನದೆಂದರೆ ದಂಡ ಅವನ ತಲೆಗೆ. ಅಲ್ಲವೆಂದರೆ ಎರಡು ವರ್ಷದ ಕೆಲಸ ಅನಾಥ. ಕಾರ್ಖಾನೆ ಮನೆಗೆ ಕಳಿಸಿದ ಮೇಲೆ ಆ ಮನುಷ್ಯ ತಲೆಯೆತ್ತಿ ನಡೆದದ್ದು ಈ ಕೇಬಲಿನಿಂದ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರ ಕಣ್ಣು ನೆಲದ ಮೇಲೆ. ಹಳೆಯ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ? ಜೆನೋವಿಯಳ ಕಣ್ಣೂ ನೆಲದ ಮೇಲೇ ಇತ್ತು. ಆದರೆ ಅವಳಿಗೆ ಅಲ್ಲಿ ಕಂಡದ್ದು ಜಮಖಾನವಲ್ಲ, ಸೇತುವೆಯ ತುದಿ.

ಅವಳು ಮುಂದೆ ಬಂದು, ತಾನು ಸಂಘದ ಅಧ್ಯಕ್ಷೆ, ಮೊದಲು ಕೆಲವು ಪ್ರಶ್ನೆ ಕೇಳಬೇಕು ಅಂದಳು. ಕೇಳಿ ಎಂದಳು ಮಿನೊದೋರಾ.

"ಈ ಘೋಷಣೆ ಬರ್ಕೊಟ್ರೆ ಅಪ್ಪಣೆ ಕೊಡೋರು ಯಾರು?"

"ಯಾರೂ ಕೊಡಲ್ಲ. ಅಪ್ಪಣೆ ಕೇಳೋದಲ್ಲ ಇದು, ತಿಳಿಸೋದು. ನಾವಿದ್ದೀವಿ, ಈ ಕೆಲಸ ಮಾಡ್ತೀವಿ ಅಂತ ತಿಳಿಸಿದ್ರೆ ಮುಗೀತು."

"ಮುದ್ರೆ?" ಎಂದು ತುದೋಸೆ ಹಿಂದಿನಿಂದ ಕೇಳಿದ.

"ಮುದ್ರೆ ಬೇಡ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಅಷ್ಟು ಹೊತ್ತು ಅವರಿಗೆ ಬರೀ ಭಯ ಇತ್ತು, ಈಗ ಅನುಮಾನವೂ ಸೇರಿತು. ಮುದ್ರೆಯಿಲ್ಲದ ಸರ್ಕಾರಿ ಕಾಗದವನ್ನು ಆ ಅಂಗಳದಲ್ಲಿ ಹುಟ್ಟಿದವರು ಯಾರೂ ಕಂಡಿರಲಿಲ್ಲ. ಜೆನೋವಿಯ ಮಾತ್ರ ಮುದ್ರೆಯ ಗೊಡವೆಗೆ ಹೋಗಲಿಲ್ಲ. ಅವಳ ಪ್ರಶ್ನೆ ಬೇರೆ ಇತ್ತು, ಅದನ್ನು ಕೇಳಲು ಅವಳಿಗೆ ಇಪ್ಪತ್ತು ವರ್ಷ ಹಿಡಿದಿತ್ತು.

"ಕೊಡೋರಿಲ್ಲ ಅಂದ್ರಿ. ಕಿತ್ಕೊಳ್ಳೋರು ಯಾರು?"

ಮಿನೊದೋರಾ ಫೈಲನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದಳು. ಬಹುಶಃ ಬೇರೆ ಬ್ಲಾಕುಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ನಾವೇ ಕಿತ್ಕೋಬಹುದು," ಅಂದಳು. "ಸುಳ್ಳು ಹೇಳಲ್ಲ. ನಿಮ್ಮ ಕೇಬಲ್ ಯಾರ ತಲೆ ಮೇಲಾದ್ರೂ ಬಿದ್ರೆ, ಇವತ್ತು ನನ್ನ ಮೇಲೆ ಬೀಳೋದಿತ್ತಲ್ಲ ಹಾಗೆ, ಆಗ ಕೇಳ್ತೀವಿ. ಆದ್ರೆ ಯಾಕೆ ಅಂತ ಬರೆದು ಕೊಡ್ಬೇಕು, ನೀವು ಎದುರು ಹೇಳಿದ್ದು ಕೇಳ್ಬೇಕು, ನಾವು ಮಾಡಿದ್ದು ತಪ್ಪು ಅನ್ಸಿದ್ರೆ ನೀವು ಕೋರ್ಟಿಗೆ ಹೋಗ್ಬಹುದು. ಈ ಕೇಬಲಲ್ಲಿ ಏನು ಮಾತಾಡ್ತೀರ ಅಂತ ಮಾತ್ರ ನಾನು ಕೇಳಲ್ಲ. 'ಯಾರ ಜೊತೆ' ಅಂತಲೂ ಕೇಳಲ್ಲ."

"ನನ್ನ ತಂಗಿ ಜೊತೆ," ಅಂದಳು ಜೆನೋವಿಯ.

"ಕೇಳಲ್ಲ ಅಂದ್ನಲ್ಲ."

ಯಾರೋ ಕಿಸಕ್ಕೆಂದರು. ಜೆನೋವಿಯ ನಗಲಿಲ್ಲ. ಹರಿದ ಕೇಬಲಿನ ತುದಿಯನ್ನು ಆ ಹೆಂಗಸಿನ ಕೈಯಿಂದ ತೆಗೆದುಕೊಂಡು, ಇದು ಸಂಘದ್ದು, ಕಟ್ಟಿದವನು ಸೆವೆರ್, ಜವಾಬ್ದಾರಿ ನನ್ನದು, ನನ್ನ ಹೆಸರು ಬರೆದುಕೊಳ್ಳಿ ಅಂದಳು. ಆಕಾಶವೇನೂ ಕೆಳಗೆ ಬೀಳಲಿಲ್ಲ, ಬಿದ್ದದ್ದು ಜಮಖಾನ ಮಾತ್ರ, ಅದೂ ಆಗಲೇ ಬಿದ್ದಾಗಿತ್ತು.

ಬರೆದುಕೊಳ್ಳುವುದು ತನ್ನ ಕೆಲಸವಲ್ಲ, ಬರೆದುಕೊಡುವುದು ನಿಮ್ಮದು ಎಂದು ಮಿನೊದೋರಾ ಫಾರಂ ಕೊಟ್ಟಳು. ಅಕ್ಷರ ಸ್ಪಷ್ಟವಾಗಿರಲಿ, ಬುಕಾರೆಸ್ಟಿನವರಿಗೆ ಓದಲು ಆಗಬೇಕು ಅಂದಳು. ಸೆವೆರನ ಕೈಬರಹ ಕಾಗೆ ಕಾಲಿನದು, ಅದು ಎಲ್ಲರಿಗೂ ಗೊತ್ತು. ಜೆನೋವಿಯ ಫಾರಂ ಹಿಡಿದು ಮೇಲೆ ಹೋದಳು. ಮಂಚದಡಿಯಿಂದ ಟೈಪ್‌ರೈಟರ್ ಎಳೆದು, ಧೂಳು ಹೊಡೆದು, ಅಡುಗೆಮನೆಯ ಮೇಜಿನ ಮೇಲಿಟ್ಟಳು. ಕಂಪ್ಯೂಟರಿನ ಪರದೆಯಲ್ಲಿ ಫ್ರೋಸಾ ಇನ್ನೂ ಬಾಯಿ ತೆರೆದುಕೊಂಡು ನಿಂತಿದ್ದಳು. ತಂಗಿಯ ಆ ಮುಖದ ಮುಂದೆಯೇ ಅಕ್ಕ ಕಾಗದ ತೂರಿಸಿ ಬಡಿಯತೊಡಗಿದಳು. ತನ್ನ ಹೆಸರು, ತನ್ನ ಬ್ಲಾಕು, ತಮ್ಮ ಜಾಲ. ಬಾಗಿದ 'ಆರ್' ಅಕ್ಷರ ಪ್ರತಿ ಸಲವೂ ಸಾಲಿನಿಂದ ಸ್ವಲ್ಪ ಮೇಲೆ ಹಾರಿ ಕೂತಿತು. ಠಾಣೆಯವರು ಅದನ್ನು ನೋಡಿದ್ದರೆ ಯಾವ ಯಂತ್ರ ಎಂದು ಒಂದೇ ನೋಟದಲ್ಲಿ ಹೇಳುತ್ತಿದ್ದರು. ಹೇಳಲಿ ಎಂದುಕೊಂಡಳು.

ಅವಳು ಕೆಳಗೆ ಬರುವಷ್ಟರಲ್ಲಿ ಅಂಗಳದ ಬಣ್ಣವೇ ಬದಲಾಗಿತ್ತು. ಮಿನೊದೋರಾ ಬೆಂಚಿನ ಮೇಲೆ ಕೂತು ಸೆವೆರನಿಗೆ ಪಾಠ ಹೇಳುತ್ತಿದ್ದಳು. ಕೇಬಲನ್ನು ಮರದಿಂದ ಬಿಡಿಸಬೇಕು, ರಸ್ತೆ ದಾಟುವ ಕಡೆ ಎತ್ತರಿಸಬೇಕು, ಅದಕ್ಕೆ ನಗರಸಭೆ ಸಮಯ ಕೊಡುತ್ತದೆ. ಘೋಷಣೆ ಆದ ಮೇಲೆ ಅವನೂ ಒಬ್ಬ ಜಾಲದವನೇ. ತನ್ನ ಜಾಲವನ್ನು ದೊಡ್ಡ ಕಂಪನಿಯ ಫೋನ್ ಜಾಲಕ್ಕೆ ಕೂಡಿಸಿ ಎಂದು ಕೇಳುವ ಹಕ್ಕು ಅವನಿಗೆ ಬರುತ್ತದೆ, ಅವರು ಬಾಗಿಲು ಹಾಕಿಕೊಳ್ಳುವಂತಿಲ್ಲ, ಕೂತು ಮಾತಾಡಲೇಬೇಕು. ಕನ್ನಡಿ ಬೂಟಿನವನು ನನ್ನ ಜೊತೆ ಕೂತು ಮಾತಾಡುತ್ತಾನಾ ಎಂದು ಸೆವೆರ್ ಎರಡು ಸಲ ಕೇಳಿದ. ಕಾನೂನು ಹಾಗೆ ಹೇಳುತ್ತೆ, ಮಾತಾಡದಿದ್ದರೆ ನನ್ನ ಹತ್ತಿರ ಬನ್ನಿ ಅಂದಳು. ಸೆವೆರ್ ಏಣಿಯನ್ನು ಗೋಡೆಗೆ ಒರಗಿಸಿ ಕೂದಲು ಸರಿಮಾಡಿಕೊಂಡ.

ತುದೋಸೆಗೆ ಏನಾದರೂ ಪ್ರಾಯಶ್ಚಿತ್ತ ಮಾಡಬೇಕೆನಿಸಿರಬೇಕು. ಮನೆಗೆ ಓಡಿ ಪ್ಲಮ್ ಹಣ್ಣಿನ ಬ್ರಾಂದಿ ತಂದು ಅಧಿಕಾರಿಯ ಮುಂದೆ ಹಿಡಿದ.

"ತುದೋಸಣ್ಣ, ಇವತ್ತು ಯಾವ ದಿನ?" ಅಂದಳು ಜೆನೋವಿಯ.

ಅವನು ಬಾಟಲಿಯನ್ನು ಕೋಟಿನೊಳಗೆ ಸೇರಿಸಿದ. ಮಿನೊದೋರಾ ಮೊದಲ ಸಲ ನಕ್ಕಳು. ಕಾಗದವನ್ನು ಫೈಲಿಗೆ ಸೇರಿಸಿ, ಹೋಗುವ ಮುಂಚೆ ತಲೆಯೆತ್ತಿ, ಬಟ್ಟೆ ತೆಗೆದುಬಿಡಿ, ದೇವರು ನೋಡುತ್ತಾನೆ ಅಂದಳು.

ಶನಿವಾರ ಇಡೀ ದಿನ ಸೆವೆರ್ ಕೇಬಲ್ ಎಳೆದ. ಏಣಿ ಹಿಡಿದು ನಿಂತವನು ತುದೋಸೆ, ಕ್ರೇನ್ ನಡೆಸಿದವನಿಗೆ ಎತ್ತರದ ಕೆಲಸ ಹೇಗೆ ಮಾಡಬೇಕು ಎಂದು ಗೊತ್ತು ಎನ್ನುತ್ತ, ಒಂದು ಕ್ಷಣ ಬಾಯಿ ಮುಚ್ಚದೆ. ಈ ಸಲ ಕೇಬಲಿಗೆ ಆಸರೆಯಾಗಿ ಉಕ್ಕಿನ ತಂತಿಯನ್ನೂ ಕಟ್ಟಿದರು. ಜಮಖಾನ ಬೇಲಿಯ ಮೇಲೆ ಒಣಗುತ್ತಿತ್ತು.

ಭಾನುವಾರ ಬೆಳಿಗ್ಗೆ, ಚರ್ಚಿನಿಂದ ಬಂದವಳೇ, ಜೆನೋವಿಯ ಕೋಟು ಕೂಡ ಬಿಚ್ಚದೆ ಕಂಪ್ಯೂಟರ್ ಹಾಕಿದಳು. ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಫ್ರೋಸಾಳ ಮೂಗು ಬಂತು, ಹಿಂದೆಯೇ ಉಳಿದ ಮುಖ. ಅವಳ ಕೈಯಲ್ಲಿ ಕೆಂಪು ಬಣ್ಣದ ಹಬ್ಬದ ಮೊಟ್ಟೆ.

ಜೆನೋವಿಯ ಮೊದಲು ಕೇಳಿದ್ದು ಬಟ್ಟಲಿನ ಬಗ್ಗೆ. ಶುಕ್ರವಾರ ಇಲ್ಲೊಂದು ಎಂದು ಹೇಳಿ ನಿಲ್ಲಿಸಿದೆಯಲ್ಲ, ಏನು ಕಂಡಿತು?

"ಹಗ್ಗ ಹರಿಯೋದು ಕಂಡ್ತು."

"ಹೇಳ್ಬಾರ್ದಿತ್ತೇನೇ?"

"ಹೇಳೋ ಮುಂಚೇನೇ ಹರೀತು."

ಸುಳ್ಳಿ ಎಂದು ಅಕ್ಕ ಬೈದಳು. ಬೈದು ಮುಗಿಸಿ, ರುಜು ಹಾಕಿದೆ ಅಂದಳು. ಫ್ರೋಸಾ ತನ್ನ ಮೊಟ್ಟೆಯನ್ನು ಕ್ಯಾಮೆರಾದ ಹತ್ತಿರ ತಂದಳು. ಹಬ್ಬದ ದಿನ ಮೊಟ್ಟೆಗೆ ಮೊಟ್ಟೆ ತಾಗಿಸಬೇಕು, ಯಾರದು ಒಡೆಯದೋ ಅವರಿಗೆ ವರ್ಷವೆಲ್ಲ ಬಲ. ಇಬ್ಬರೂ ಕೊನೆಯ ಸಲ ತಾಗಿಸಿದ್ದು ಫ್ರೋಸಾ ನದಿ ದಾಟುವ ಮೊದಲು. ಜೆನೋವಿಯ ತನ್ನ ಮೊಟ್ಟೆ ಎತ್ತಿ, ಪರದೆಯ ಮೇಲೆ ತಂಗಿಯ ಮೊಟ್ಟೆ ಇದ್ದ ಜಾಗಕ್ಕೆ ಗುರಿಯಿಟ್ಟು ಕುಟ್ಟಿದಳು. ಗಾಜಿನ ಮುಂದೆ ಮೊಟ್ಟೆ ನಿಲ್ಲುತ್ತದೆಯೇ? ಅವಳದೇ ಒಡೆಯಿತು.

"ನಾನೇ ಗೆದ್ದೆ," ಎಂದು ಆಚೆ ದಡದಿಂದ ಫ್ರೋಸಾ ಕೂಗಿದಳು.

ಅದು ಗೆಲುವೇ ಅಲ್ಲ ಎಂದು ಜೆನೋವಿಯ ವಾದಕ್ಕೆ ಕೂತಳು. ಆ ವಾದ ಕಾಫಿ ಆರಿ ತಣ್ಣಗಾದರೂ ಮುಗಿಯಲಿಲ್ಲ. ಪರದೆಯ ಮೇಲಂಟಿದ ಕೆಂಪು ಸಿಪ್ಪೆಯ ಚೂರನ್ನು ಒರೆಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.